ಕೈ ಎತ್ತದವರು ಒಪ್ಪಿದಂತೆ

ನನ್ನ ಕಿರಿಯ ತಮ್ಮ ಅಶ್ವಥ್ ಚಳ್ಳಕೆರೆಯ ಒಂದು ಖಾಸಗಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಾನೆ. ಇದನ್ನು ನಾನು ಹೇಳಬೇಕಾಗಿಯೇ ಇಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೆ ಅವನೇ ಹೇಳುತ್ತಾನೆ, ದಾರಿ ಮಧ್ಯೆ ಹಾನಗಲ್‌ನಲ್ಲಿ ಬಸ್ಸು ನಿಂತಾಗ ಟೀ ಕೊಡುವವನಿಗೆ ಹೇಳುತ್ತಾನೆ, ಮೊಳಕಾಲ್ಮೂರಿನ ನಮ್ಮ ಬೀದಿಯಲ್ಲಿ ಅವನು ಮೂಗು ಸುರಿಸಿಕೊಂಡು ಬರಿಮೈಯಲ್ಲಿ ಓಡಾಡಿದ್ದನ್ನು ಕಂಡ ಮುದುಕಿಯರಿಗೂ ಬಿಡದೆ ಹೇಳುತ್ತಾನೆ. ಕೇಳಿದವರು ಹೂಂ ಅನ್ನುತ್ತಾರೆ. ಹೂಂ ಅಂದವರೆಲ್ಲ ತನ್ನನ್ನು ಒಪ್ಪಿಕೊಂಡಿದ್ದಾರೆ ಎಂದು ತಿಳಿಯುವುದು ಅವನ ಹುಟ್ಟುಗುಣ. ಮುಂದೆ ಆದದ್ದೆಲ್ಲ ಆ ಗುಣದಿಂದಲೇ ಆಯಿತು.

ನಾನು ಚಿತ್ತಮ್ಮ, ಮೂವರಲ್ಲಿ ಹಿರಿಯಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ರಾಟೆಯ ಮುಂದೆ ಕೂತು ಲಾಳಿಗೆ ಬೇಕಾದ ನೂಲು ಸುತ್ತುತ್ತಾ ಬದುಕಿದವಳು. ನಡುವಿನವನು ಚೌಡೇಶ. ರೇಷ್ಮೆ ಸೀರೆ ನೇಯುತ್ತಾನೆ, ಮಾತು ಕಡಿಮೆ. ಅವನ ಹೆಂಡತಿ ದ್ರಾಕ್ಷಾಯಣಮ್ಮ, ಒಬ್ಬಳೇ ಮಗಳು ದಿವ್ಯಶ್ರೀ. ಅಪ್ಪ ಸತ್ತಾಗ ಕಿರಿಯವನಾದರೂ ಓದಲಿ ಎಂದು ಚೌಡೇಶ ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟು ಮಗ್ಗದ ಗುಂಡಿಗೆ ಇಳಿದ. ಅವನು ಆ ಗುಂಡಿಯಲ್ಲೇ ಉಳಿದ, ಅಶ್ವಥ್ ಎಂ.ಎ. ಮಾಡಿದ. ಓದಿದ ತಮ್ಮನ ಮೇಲೆ ಚೌಡೇಶನಿಗೆ ಎಂಥ ಭಕ್ತಿಯೆಂದರೆ, ಅವನು ಸೀನಿದರೂ ಅದರಲ್ಲಿ ಏನೋ ಅರ್ಥ ಇದ್ದೀತು ಅಂದುಕೊಳ್ಳುತ್ತಿದ್ದ.

ನಮ್ಮಮ್ಮ ಇರುವ ತನಕ ಮನೆಯಲ್ಲಿ ಅವಳು ಹೇಳಿದ್ದೇ ಆಗಬೇಕಿತ್ತು. ಯಾವ ಬಣ್ಣದ ಸೀರೆ ಮಗ್ಗಕ್ಕೆ ಏರಬೇಕು, ಸಾರಿಗೆ ಯಾವ ಬೇಳೆ ಬೀಳಬೇಕು, ಯಾರ ಮದುವೆಗೆ ಯಾರು ಹೋಗಬೇಕು, ಎಲ್ಲ ಅವಳದೇ. ಅನ್ಯಾಯವನ್ನೂ ಮಾಡಿದಳು. ಆದರೆ ಅನ್ಯಾಯ ಮಾಡಿದವರು ಯಾರು ಎಂಬುದು ಎಲ್ಲರಿಗೂ ಗೊತ್ತಿರುತ್ತಿತ್ತು, ಬೈಯಬೇಕೆಂದರೆ ಬೈಯಲು ಒಂದು ಮುಖ ಇರುತ್ತಿತ್ತು. ಅವಳು ಹೋದಳು. ತಿಥಿಯ ಊಟದ ಎಲೆ ಎತ್ತುವ ಮೊದಲೇ ಅಶ್ವಥ್ ಎದ್ದು ನಿಂತು, ಇವತ್ತಿಗೆ ಈ ಮನೆಯಲ್ಲಿ ರಾಜಪ್ರಭುತ್ವ ಮುಗಿಯಿತು, ಇನ್ನು ಮುಂದೆ ಇಲ್ಲಿ ಪ್ರಜಾಪ್ರಭುತ್ವ ಎಂದು ಸಾರಿದ. ಬಾಯಲ್ಲಿ ಇನ್ನೂ ವಡೆ ಇತ್ತು.

ಅವತ್ತೇ ನಮಗೆಲ್ಲ ಪಾಠವೂ ಆಯಿತು. ಒಬ್ಬನೇ ಆಳಿದರೆ ರಾಜಪ್ರಭುತ್ವ, ಅದು ಕೆಟ್ಟರೆ ನಿರಂಕುಶಾಧಿಕಾರ. ನಾಲ್ಕು ಜನ ಯೋಗ್ಯರು ಸೇರಿ ಆಳಿದರೆ ಅದಕ್ಕೊಂದು ಹೆಸರು, ಆ ನಾಲ್ವರು ಹೊಟ್ಟೆಬಾಕರಾದರೆ ಇನ್ನೊಂದು. ಎಲ್ಲರೂ ಸೇರಿ ಆಳಿದರೂ ಒಳ್ಳೆಯದೊಂದು ಬಗೆ, ಕೆಟ್ಟದ್ದೊಂದು ಬಗೆ. ಗ್ರೀಸ್ ದೇಶದ ಯಾವನೋ ಪಂಡಿತ ಇವನ್ನೆಲ್ಲ ಸಂತೆಯಲ್ಲಿ ಕಾಯಿಪಲ್ಯ ಗುಡ್ಡೆ ಹಾಕಿದಂತೆ ವಿಂಗಡಿಸಿ ಇಟ್ಟಿದ್ದನಂತೆ. ಆಮೇಲೆ ರಾಜ್ಯಕ್ಕೆ ಬೇಕಾದ ನಾಲ್ಕು ಅಂಶಗಳು: ಜನ, ನೆಲ, ಸರ್ಕಾರ, ಪರಮಾಧಿಕಾರ. ನಮ್ಮ ಮನೆಗೆ ಜನ ಅಂದರೆ ನಾವು, ನೆಲ ಅಂದರೆ ಪಡಸಾಲೆಯಿಂದ ಹಿತ್ತಿಲ ತನಕ, ಸರ್ಕಾರ ಅಂದರೆ ಸಭೆ ನಡೆಸುವ ತಾನು. ಪರಮಾಧಿಕಾರ ಎಲ್ಲಿದೆಯಪ್ಪ ಎಂದು ಕೇಳಿದೆ. ಅದು ಎಲ್ಲರಲ್ಲೂ ಇರುತ್ತದೆ ಅಕ್ಕ, ಕಣ್ಣಿಗೆ ಕಾಣುವುದಿಲ್ಲ ಅಂದ. ಅವನ ಮಟ್ಟಿಗೆ ಅದು ನಿಜವೇ ಆಗಿತ್ತು. ನಮ್ಮ ಪಾಲಿನದು ನಮಗೆ ಯಾವತ್ತೂ ಕಾಣಲಿಲ್ಲ.

ಸಭೆ ಪ್ರತಿ ಶನಿವಾರ ಸಂಜೆ. ಚಳ್ಳಕೆರೆಯಿಂದ ಮಧ್ಯಾಹ್ನದ ಬಸ್ಸಿಗೆ ಬಂದು, ಕಾಲು ತೊಳೆದು, ಪಡಸಾಲೆಯ ಬೆಂಚಿನ ಮೇಲೆ ಕೂತು, ಮಗ್ಗದ ಸದ್ದಿಗಿಂತ ಗಟ್ಟಿಯಾಗಿ ವಿಷಯ ಮಂಡಿಸುತ್ತಿದ್ದ. ಮಗ್ಗ ಅದೇ ಪಡಸಾಲೆಯಲ್ಲಿತ್ತು. ಗುಂಡಿಯೊಳಗೆ ಕಾಲು ಇಳಿಬಿಟ್ಟು ಚೌಡೇಶ ನೇಯುತ್ತಿರುತ್ತಿದ್ದ. ಮೊಳಕಾಲ್ಮೂರು ಸೀರೆಯ ಅಂಚು ಬೇರೆ ಬಣ್ಣ, ಒಡಲು ಬೇರೆ ಬಣ್ಣ. ಹಾಗಾಗಿ ಅಂಚಿನ ಲಾಳಿ ಎಸೆಯಲು ಬಲಗಡೆ ಇನ್ನೊಬ್ಬರು ಕೂರಲೇಬೇಕು. ಅಲ್ಲಿ ದಿವ್ಯಶ್ರೀ ಕೂರುತ್ತಿದ್ದಳು, ಕಾಲೇಜಿಗೆ ಹೋಗುವ ಮುಂಚೆ ಸ್ವಲ್ಪ ಹೊತ್ತು, ಬಂದ ಮೇಲೆ ಸ್ವಲ್ಪ ಹೊತ್ತು. ಅಂಚಿನ ದಾರವೂ ಒಡಲಿನ ದಾರವೂ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಹೊತ್ತಿನಲ್ಲಿ ಕೈ ಬಿಟ್ಟರೆ ಆ ಸಾಲು ಕೆಟ್ಟಂತೆ, ಬಿಚ್ಚಿ ಮತ್ತೆ ನೇಯಬೇಕು. ನನ್ನ ಎರಡು ಕೈಯೂ ರಾಟೆಯ ಮೇಲೆ. ದ್ರಾಕ್ಷಾಯಣಮ್ಮ ಒಳಗೆ ಮುದ್ದೆ ತಿರುವುತ್ತಿರುತ್ತಿದ್ದಳು, ಅವಳ ಎರಡು ಕೈಯೂ ಕೋಲಿನ ಮೇಲೆ.

ಅಶ್ವಥ್ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ಬೇಡ ಅನ್ನೋರು ಕೈ ಎತ್ತಿ." ಬೇಕು ಅನ್ನುವವರು ಎತ್ತಿ ಎಂದು ಅವನು ಯಾವತ್ತೂ ಕೇಳಿದವನಲ್ಲ. ಕೈ ಎತ್ತದವರು ಒಪ್ಪಿದಂತೆ ಎಂಬುದು ಅವನೇ ಮಾಡಿದ ಕಾಯಿದೆ. ಮನೆಯಲ್ಲಿ ಕೈ ಖಾಲಿ ಇದ್ದವರೆಂದರೆ ಅವನು, ಅವನ ಹೆಂಡತಿ ಮಾಲಾ, ಇಬ್ಬರೇ. ಸೀರೆ ಕೆಡಿಸಿಕೊಂಡು, ಮುದ್ದೆ ತಳ ಹಿಡಿಸಿಕೊಂಡು ಯಾರು ಕೈ ಎತ್ತುತ್ತಾರೆ? ಬೆಂಚಿನ ಮೇಲಿಂದ ಕತ್ತು ನೀಡಿ ಸುತ್ತ ನೋಡಿ, ಸರ್ವಾನುಮತ ಎಂದು ಹೇಳಿ ತೊಡೆ ತಟ್ಟಿಕೊಳ್ಳುತ್ತಿದ್ದ.

ಮೊದಲ ಸಭೆಯಲ್ಲಿ ಅಮ್ಮನ ಸಾಗವಾನಿ ಮಂಚ ಯಾರ ಹತ್ತಿರ ಇರಬೇಕೆಂಬ ಪ್ರಶ್ನೆ ಬಂತು. ಸರ್ವಾನುಮತದಿಂದ ಚಳ್ಳಕೆರೆಗೆ ಹೋಯಿತು. ಆಮೇಲೆ ಟೀವಿ. ಆಮೇಲೆ ಗೋಡೆ ಗಡಿಯಾರ. ಪ್ರಜಾಪ್ರಭುತ್ವ ಬಂದ ಮೇಲೆ ನಮ್ಮ ಮನೆಯ ಸಾಮಾನೆಲ್ಲ ಒಂದೊಂದಾಗಿ ಬಸ್ಸಿನ ಟಾಪು ಹತ್ತಿತು. ಅಮ್ಮ ನೀರು ಕಾಯಿಸುತ್ತಿದ್ದ ಹಿತ್ತಾಳೆ ಹಂಡೆಯ ಸರದಿ ಬಂದಾಗ ಮಾತ್ರ ನಾನು ತಡೆಯಲಾರದೆ ಕೈ ಎತ್ತಿದೆ. ರಾಟೆಯ ನೂಲೆಲ್ಲ ಸಿಕ್ಕಾಯಿತು. ಅಶ್ವಥ್ ನನ್ನನ್ನು ಕನಿಕರದಿಂದ ನೋಡಿ, ಅಲ್ಪಮತಕ್ಕೂ ನಮ್ಮಲ್ಲಿ ಗೌರವ ಐತೆ ಅಕ್ಕ ಅಂದ. ಗೌರವ ಕೊಟ್ಟಾದ ಮೇಲೆ ಹಂಡೆ ಎತ್ತಿಕೊಂಡು ಹೋದ. ನಾವು ಇವತ್ತಿಗೂ ಡಾಲ್ಡಾ ಡಬ್ಬದಲ್ಲಿ ನೀರು ಕಾಯಿಸುತ್ತೇವೆ.

ಚೌಡೇಶನಿಗೆ ಹೇಳಿ ನೋಡಿದೆ. ನಿನ್ನ ತಮ್ಮ ನಮ್ಮ ಕಿವಿಗೆ ಹೂ ಇಡುತ್ತಿದ್ದಾನೆ, ಒಂದು ಸಲವಾದರೂ ಕೈ ಎತ್ತು ಅಂದೆ. ಅವನು ಓದಿದವನು ಬಿಡಕ್ಕ, ನಮಗೇನು ಗೊತ್ತಾಗುತ್ತದೆ ಅಂದ. ನನ್ನ ಈ ತಮ್ಮನ ಮೇಲೂ ನನಗೆ ತಾತ್ಸಾರ ಹುಟ್ಟಿದ್ದು ಆವಾಗ. ಕಿರಿಯವನು ಕದಿಯುತ್ತಾನೆ, ಇವನು ದೀಪ ಹಿಡಿಯುತ್ತಾನೆ.

ಮಂಚ ಹೋಗಲಿ, ಹಂಡೆ ಹೋಗಲಿ. ಆದರೆ ತೊಂಬತ್ತೊಂಬತ್ತರಲ್ಲಿ, ಊರೆಲ್ಲ ಒಂದೇ ದಿನ ಲೋಕಸಭೆಗೊಂದು, ವಿಧಾನಸಭೆಗೊಂದು ಎಂದು ಎರಡೆರಡು ಓಟು ಹಾಕಿ ಬಂದ ಆ ವರ್ಷದ ಚಳಿಗಾಲದಲ್ಲಿ, ಅಶ್ವಥ್ ಒಂದು ಶನಿವಾರ ಹೆಂಡತಿಯನ್ನೂ ಕರೆದುಕೊಂಡು, ಕೈಯಲ್ಲಿ ಮೈಸೂರ್ ಪಾಕಿನ ಪೊಟ್ಟಣ ಹಿಡಿದುಕೊಂಡು ಬಂದ. ಅವನು ಮನೆಯಿಂದ ಏನನ್ನಾದರೂ ಒಯ್ಯದೆ ಮನೆಗೆ ಏನನ್ನಾದರೂ ತಂದನೆಂದರೆ ಎದೆ ಧಸಕ್ ಅನ್ನಬೇಕು. ನಾನು ಪೊಟ್ಟಣ ಮುಟ್ಟಲಿಲ್ಲ.

ವಿಷಯ ಇಷ್ಟು. ಅವನ ಕಾಲೇಜಿನ ಆಡಳಿತ ಮಂಡಳಿಗೆ ರಾಜಣ್ಣ ಎಂಬವರು ಕಾರ್ಯದರ್ಶಿ. ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ ಮಿಲ್ಲು ಇಟ್ಟುಕೊಂಡವರು, ನಮ್ಮ ಜನವೇ. ಅವರ ತಮ್ಮ ಮಾರುತೇಶ್‌ಗೆ ಮೂವತ್ತನಾಲ್ಕು ವರ್ಷ. ಅವನಿಗೆ ನಮ್ಮ ದಿವ್ಯಶ್ರೀಯನ್ನು ಕೊಡಬೇಕಂತೆ, ಮಾಘದಲ್ಲೇ ಮದುವೆಯಂತೆ. ದಿವ್ಯಶ್ರೀ ಆಗ ಎರಡನೇ ಪಿಯುಸಿ. ಪರೀಕ್ಷೆ ಮುಗಿಸಿ ಟಿಸಿಎಚ್ ಸೇರಬೇಕು, ಸ್ಕೂಲ್ ಟೀಚರ್ ಆಗಬೇಕು ಎಂಬುದೊಂದೇ ಅವಳ ತಲೆಯಲ್ಲಿದ್ದದ್ದು. ಅಂಚಿನ ಲಾಳಿ ಎಸೆಯುತ್ತಲೇ ಪಕ್ಕದಲ್ಲಿ ಪುಸ್ತಕ ತೆರೆದಿಟ್ಟುಕೊಂಡು ಬಾಯಿಪಾಠ ಮಾಡುತ್ತಿದ್ದ ಹುಡುಗಿ. ಪರೀಕ್ಷೆಗೂ ಮುಂಚೆ ಮದುವೆ ಅಂದರೆ ಪುಸ್ತಕ ಮುಚ್ಚಿದ ಹಾಗೆಯೇ.

ನಿಜಸಂಗತಿ ನನಗೆ ಅಡುಗೆಮನೆಯಲ್ಲಿ ಮಾಲಾಳಿಂದ ಗೊತ್ತಾಯಿತು. ಪಾಪದ ಹೆಣ್ಣು, ಗಂಡನ ಮುಂದೆ ತುಟಿ ಪಿಟಕ್ ಅನ್ನದವಳು. ಅಶ್ವಥ್‌ನದು ಇನ್ನೂ ಟೆಂಪರರಿ ಕೆಲಸ. ಕಾಯಂ ಮಾಡುವ ಮೀಟಿಂಗು ಹತ್ತಿರ ಬಂದಿತ್ತು, ಮಾಡುವವರು ಇದೇ ರಾಜಣ್ಣ. ಮಾರುತೇಶನಿಗೆ ಎರಡು ಮೂರು ಕಡೆ ಹೆಣ್ಣು ಕೇಳಿ ಎಲ್ಲೂ ಕೊಟ್ಟಿರಲಿಲ್ಲ. ಮುಂಗೋಪಿಯಂತೆ, ಮಿಲ್ಲಿನ ಹಮಾಲಿಯೊಬ್ಬನಿಗೆ ಹೊಡೆದು ಕೈ ಮುರಿದಿದ್ದನಂತೆ. ಇದನ್ನೆಲ್ಲ ಮಾಲಾ ಬೇಳೆ ಆರಿಸುತ್ತಾ, ತಲೆ ಎತ್ತದೆ ಹೇಳಿದಳು. ಕೊನೆಗೆ, ನಾನು ಹೇಳಿದೆ ಅನ್ನಬೇಡಿ ಅಕ್ಕ ಅಂದಳು.

ಅವತ್ತು ಸಂಜೆ ಸಭೆ. ಅಶ್ವಥ್ ವರನ ಗುಣಗಳನ್ನು ಅಂಶ ಒಂದು, ಅಂಶ ಎರಡು ಎಂದು ವಿವರಿಸಿದ. ಮುಂಗೋಪ ಯಾವ ಅಂಶದಲ್ಲೂ ಬರಲಿಲ್ಲ, ಅವನ ಕೆಲಸ ಕಾಯಂ ಆಗುವುದೂ ಬರಲಿಲ್ಲ. ನಾನು ಎರಡನ್ನೂ ಎತ್ತಿ ಆಡಿದೆ. ಸಭಾ ಮರ್ಯಾದೆ ಇರಲಿ ಅಕ್ಕ, ವೈಯಕ್ತಿಕ ಟೀಕೆ ಬೇಡ ಅಂದ. ಅಷ್ಟರಲ್ಲಿ ದಿವ್ಯಶ್ರೀ ಲಾಳಿ ಕೈಯಲ್ಲಿ ಹಿಡಿದುಕೊಂಡೇ ಮಾತಾಡಿದಳು. ಅವಳು ಅವನನ್ನು ಬಾಬಾಯಿ ಅನ್ನುತ್ತಾಳೆ, ಚಿಕ್ಕಪ್ಪನಿಗೆ ನಮ್ಮ ಮನೆಯ ತೆಲುಗಿನಲ್ಲಿ ಹಾಗೇ ಕರೆಯುವುದು.

"ಬಾಬಾಯಿ, ನಾನೂ ಓಟು ಹಾಕ್ತೀನಿ."

ಅಶ್ವಥ್‌ಗೆ ಇಂಥ ಪ್ರಶ್ನೆ ಸಿಕ್ಕರೆ ಹಬ್ಬ. ಸಾರ್ವತ್ರಿಕ ವಯಸ್ಕ ಮತದಾನ ಎಂದರೇನು ಎಂದು ಶುರು ಮಾಡಿದ. ಮೊದಲು ಇಪ್ಪತ್ತೊಂದು ಇತ್ತು, ಈಗ ಹದಿನೆಂಟಕ್ಕೆ ಇಳಿಸಿದ್ದಾರೆ, ಹದಿನೆಂಟು ತುಂಬದವರಿಗೆ ತಮ್ಮ ಒಳಿತು ಕೆಡುಕು ತಿಳಿಯುವ ಬುದ್ಧಿ ಬಲಿತಿರುವುದಿಲ್ಲ, ಇದು ಪ್ರಪಂಚವೆಲ್ಲ ಒಪ್ಪಿದ ತತ್ತ್ವ. ಅವಳಿಗೆ ಹದಿನೆಂಟು ತುಂಬುವುದು ಜೂನ್ ತಿಂಗಳಲ್ಲಿ. ಹಾಗಾಗಿ ಈ ಸಭೆಯಲ್ಲಿ ಅವಳಿಗೆ ಮತವಿಲ್ಲ.

"ಅಂದ್ರೆ ನಾನಿನ್ನೂ ಚಿಕ್ಕವಳು?" ಎಂದು ಅವಳು ಕೇಳಿದಳು.

"ಕಾನೂನಿನ ಕಣ್ಣಿಗೆ ನೀನಿನ್ನೂ ಮಗು ಕಣಮ್ಮ" ಅಂದ, ತಲೆ ಸವರುವ ಧ್ವನಿಯಲ್ಲಿ. ಸಾಲದ್ದಕ್ಕೆ ಬ್ರಹ್ಮಗಿರಿಯನ್ನೂ ಎಳೆದು ತಂದ. ಅಶೋಕ ಚಕ್ರವರ್ತಿ ನಮ್ಮ ತಾಲ್ಲೂಕಿನ ಬಂಡೆಯ ಮೇಲೇ ಕೆತ್ತಿಸಿದ್ದಾನೆ, ತಂದೆತಾಯಿಯ ಮಾತು ಕೇಳಿರಿ, ಹಿರಿಯರಿಗೆ ವಿಧೇಯರಾಗಿರಿ ಎಂದು. ರಾಜಪ್ರಭುತ್ವ ಮುಗಿಯಿತು ಎಂದು ಸಾರಿದವನಿಗೆ ಹುಡುಗಿಯ ಬಾಯಿ ಮುಚ್ಚಿಸಲು ಎರಡು ಸಾವಿರ ವರ್ಷದ ಹಿಂದಿನ ರಾಜನೇ ಬೇಕಾಗಿ ಬಂದ. ದಿವ್ಯಶ್ರೀ ಸ್ಕೂಲಿನಿಂದ ಅಲ್ಲಿಗೆ ಟೂರು ಹೋಗಿದ್ದವಳು. ಅದೇ ಬಂಡೆ ಮೇಲೆ ಸತ್ಯ ಹೇಳಬೇಕು ಅಂತಲೂ ಐತೆ ಬಾಬಾಯಿ ಅಂದಳು.

ಬೇಡ ಅನ್ನೋರು ಕೈ ಎತ್ತಿ ಅಂದ. ನಾನು ಎತ್ತಿದೆ. ಒಳಗೆ ಮುದ್ದೆ ಕೋಲಿನ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಚೌಡೇಶ ತಲೆ ಬಗ್ಗಿಸಿಕೊಂಡು ಲಾಳಿ ಎಸೆದ, ಎಳೆದ, ಎಸೆದ. ಆ ಲಾಳಿ ಹೋಗಿ ಮುಟ್ಟುತ್ತಿದ್ದದ್ದು ಅವನ ಮಗಳ ಕಡೆಗೇ, ಅವಳೂ ತನ್ನ ಅಂಚಿನ ದಾರವನ್ನು ಅದಕ್ಕೆ ಕೊಂಡಿ ಹಾಕುತ್ತಿದ್ದಳು. ಅವಳ ಕಣ್ಣು ತುಂಬಿದ್ದು ನನಗೆ ಕಾಣಿಸಿತು, ಅವನಿಗೆ ಕಾಣಿಸಲಿಲ್ಲವೋ, ಕಾಣಿಸಿದರೂ ಸಾಲು ಕೆಡುತ್ತದೆಂದು ಸುಮ್ಮನಿದ್ದನೋ. ಒಂದು ವಿರೋಧ, ಉಳಿದದ್ದು ಒಪ್ಪಿಗೆ ಎಂದು ಅಶ್ವಥ್ ಹೇಳಿ ಮೈಸೂರ್ ಪಾಕಿನ ಪೊಟ್ಟಣ ಬಿಚ್ಚಿದ. ಎರಡು ತುಂಡು ಅವನೇ ತಿಂದ.

ಬೆಳಿಗ್ಗೆ ಚೌಡೇಶ ಹಿತ್ತಿಲಲ್ಲಿ ಹಲ್ಲುಜ್ಜುತ್ತಿದ್ದಾಗ ಹೋಗಿ ಹಿಡಿದುಕೊಂಡೆ. ನಿನಗೆ ಕೈ ಇರಲಿಲ್ಲವೇನೋ ಅಂದೆ.

"ದಾರ ಕೈಯಾಗಿತ್ತಕ್ಕ. ಬಿಟ್ಟಿದ್ರೆ ಸಾಲು ಕೆಡ್ತಿತ್ತು."

"ಸೀರೆ ಬಿಚ್ಚಿ ಇನ್ನೊಂದು ಸಲ ನೇಯಬಹುದು ಕಣೋ. ಆ ಹುಡುಗೀನ ಹೆಂಗ್ ಬಿಚ್ಚಿ ನೇಯ್ತೀಯ?"

ಅವನು ಬಾಯಿ ಮುಕ್ಕಳಿಸಿ ಒಳಗೆ ಹೋದ. ಥೂ, ಇವನೂ ಒಬ್ಬ ಅಪ್ಪನೇ ಅಂದುಕೊಂಡೆ. ಅವನಿಗೆ ಕೇಳಿಸುವ ಹಾಗೇ ಅಂದುಕೊಂಡೆ.

ಅವತ್ತು ಭಾನುವಾರ, ಗಂಡಿನ ಕಡೆಯವರು ಬರುವವರಿದ್ದರು. ಸಭೆ ಕರೆಯುವ ಮುಂಚೆಯೇ ಅಶ್ವಥ್ ಅವರಿಗೆ ಬರಲು ಹೇಳಿಯಾಗಿತ್ತು. ಬೆಳಿಗ್ಗೆಯಿಂದ ಅವನದೇ ಕಾರುಬಾರು. ಬೆಂಚಿಗೆ ಜಮಖಾನ ಹಾಸಿಸಿದ, ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾಡಿ ಅಂದ. ದಿವ್ಯಶ್ರೀಯನ್ನು ಸಿಂಗರಿಸಿ ಮಗ್ಗದ ಪಕ್ಕದಲ್ಲೇ ಕೂರಿಸಿ, ಅವರು ಬಂದಾಗ ಮಗ್ಗ ನಡೆಯುತ್ತಿರಲಿ, ಹುಡುಗಿ ಕೆಲಸವಂತೆ ಎಂದು ಅವರ ಕಣ್ಣಿಗೆ ಬೀಳಲಿ ಎಂದು ಏರ್ಪಾಡು ಮಾಡಿದ. ಚೌಡೇಶನಿಗೂ ಎದ್ದು ಬರಬೇಡ ಅಂದ. ಅಣ್ಣ ಎದ್ದು ಬಂದರೆ ಮಾತಾಡಬೇಕಾಗುತ್ತದೆ, ಅಣ್ಣನಿಗೆ ಮಾತಾಡಲು ಬರುವುದಿಲ್ಲ ಎಂಬುದು ಅವನ ಎಣಿಕೆ.

ಮಾರುತಿ ವ್ಯಾನಿನಲ್ಲಿ ಬಂದರು. ರಾಜಣ್ಣ ಬಿಳಿ ಬಟ್ಟೆ, ಬೆರಳಿಗೆ ಉಂಗುರ. ಮುಂದಿನ ಜಿಲ್ಲಾ ಪಂಚಾಯ್ತಿ ಎಲೆಕ್ಷನ್ನಿಗೆ ನಿಲ್ಲುವವರಂತೆ, ಅದಕ್ಕೆ ಈಗಿನಿಂದಲೇ ಕಂಡವರಿಗೆಲ್ಲ ಕೈ ಮುಗಿಯುವ ಅಭ್ಯಾಸ. ನಮ್ಮ ಮನೆಯ ಕಂಬಕ್ಕೊಂದು ಬಿಟ್ಟು ಎಲ್ಲರಿಗೂ ಮುಗಿದರು. ತಮ್ಮ ಮಾರುತೇಶ್ ಕೂತಲ್ಲೇ ಕೂತು, ದಿವ್ಯಶ್ರೀಯನ್ನು ಮಿಲ್ಲಿಗೆ ಬಂದ ಶೇಂಗಾ ಚೀಲ ನೋಡಿದಂತೆ ನೋಡಿದ. ನಾನು ನೀರು ಕೊಟ್ಟೆ. ಕುಡಿದು ಲೋಟವನ್ನು ನೆಲಕ್ಕೆ ಕುಕ್ಕಿದ.

ಅಶ್ವಥ್‌ನ ಬೆನ್ನು ಯಾವತ್ತೂ ಅಷ್ಟು ಬಗ್ಗಿದ್ದನ್ನು ನಾನು ನೋಡಿರಲಿಲ್ಲ. ಸಾರ್ ಸಾರ್ ಎಂದು ಬೆಂಚಿನ ತುದಿಯಲ್ಲಿ ಅರ್ಧ ಕೂತಿದ್ದ. ಪರಮಾಧಿಕಾರದ ಪಾಠ ಮಾಡುವವನು ಎಲ್ಲರ ಮುಂದೆ ಮಿರ್ಚಿ ತಟ್ಟೆ ಹಿಡಿಯುತ್ತಿದ್ದ. ಮನೆಯ ಹಿರಿಯರು ಒಪ್ಪಿದ್ದಾರಾ ಮೇಷ್ಟ್ರೇ ಎಂದು ರಾಜಣ್ಣ ಮರ್ಯಾದೆಗೆ ಕೇಳಿದರು. ಹೂಂ ಸಾರ್ ಎಂದು ಅಷ್ಟಕ್ಕೇ ಬಿಟ್ಟಿದ್ದರೆ ಅವತ್ತು ಅವನು ಗೆಲ್ಲುತ್ತಿದ್ದ. ಆದರೆ ಅವನು ಅಶ್ವಥ್. ನಮ್ಮದು ಪ್ರಜಾಪ್ರಭುತ್ವದ ಮನೆ ಸಾರ್, ಇಲ್ಲಿ ಹಿರಿಯರು ಕಿರಿಯರು ಅಂತಿಲ್ಲ, ಎಲ್ಲ ಓಟಿನ ಮೇಲೇ ನಡೆಯುವುದು, ನಿನ್ನೆ ಮತಕ್ಕೆ ಹಾಕಿ ಪಾಸ್ ಮಾಡಿದ್ದೇವೆ ಎಂದು ಕೊಚ್ಚಿಕೊಂಡ. ಗ್ರೀಸ್ ದೇಶದ ಪಂಡಿತನನ್ನೂ ಒಂದು ಸುತ್ತು ಕರೆದುಕೊಂಡು ಬಂದ.

ರಾಜಣ್ಣನಿಗೆ ತಮಾಷೆ ಅನ್ನಿಸಿತು. ಓಟು ಅಂದರೆ ಅವರಿಗೂ ಪ್ರೀತಿಯ ವಿಷಯವೇ ತಾನೆ. ನಗುತ್ತಾ ಮಗ್ಗದ ಕಡೆ ತಿರುಗಿ ದಿವ್ಯಶ್ರೀಯನ್ನೇ ಕೇಳಿದರು.

"ನಿನ್ ಓಟೂ ನಮ್ ಹುಡುಗನಿಗೇ ಬಿತ್ತೇನಮ್ಮಾ?"

ದಿವ್ಯಶ್ರೀ ಲಾಳಿ ನಿಲ್ಲಿಸಲಿಲ್ಲ. ಅಪ್ಪನ ದಾರಕ್ಕೆ ತನ್ನ ದಾರ ಕೊಂಡಿ ಹಾಕಿ ಎಳೆದುಕೊಂಡೇ ಹೇಳಿದಳು.

"ನನಗೆ ಓಟಿಲ್ಲ ಸಾರ್. ಹದಿನೆಂಟು ತುಂಬಿಲ್ಲ. ಕಾನೂನಿನ ಕಣ್ಣಿಗೆ ನಾನಿನ್ನೂ ಮಗು ಅಂತ ಬಾಬಾಯಿ ಹೇಳ್ಯಾರೆ."

ರಾಜಣ್ಣನ ನಗು ಅಲ್ಲೇ ನಿಂತಿತು. ತಮ್ಮ ಹಲ್ಲು ತಾವೇ ಎಣಿಸುತ್ತಿದ್ದಾರೇನೋ ಎಂಬಂತೆ ಸ್ವಲ್ಪ ಹೊತ್ತು ಬಾಯಿ ಆಡಿಸಿದರು. ಆಮೇಲೆ ಅಶ್ವಥ್ ಕಡೆ ತಿರುಗಿ, ಹತ್ತೊಂಬತ್ತು ಅಂದಿದ್ರಲ್ಲ ಮೇಷ್ಟ್ರೇ ಅಂದರು. ನಮ್ಮ ಹುಡುಗಿಗೆ ಒಂದೇ ವಾರದಲ್ಲಿ ಎರಡು ವಯಸ್ಸು. ಓಟಿಗೆ ಬಂದರೆ ಮಗು, ಮದುವೆಗೆ ಬಂದರೆ ಹತ್ತೊಂಬತ್ತು. ಅಶ್ವಥ್ ಮಿರ್ಚಿ ತಟ್ಟೆ ಮುಂದಕ್ಕೆ ಚಾಚಿ, ಹಳ್ಳಿ ಕಡೆ ಇದನ್ನೆಲ್ಲ ಯಾರು ಕೇಳುತ್ತಾರೆ ಸಾರ್ ಅಂದ.

"ಎಲೆಕ್ಷನ್ ಬಂದಾಗ ಎಲ್ಲರೂ ಕೇಳ್ತಾರೆ ಕಣ್ರೀ" ಅಂದರು ರಾಜಣ್ಣ. "ಹದಿನೆಂಟು ತುಂಬದ ಹುಡುಗೀನ ತಮ್ಮನಿಗೆ ತಂದ ಅಂತ ಆಪೋಜಿಷನ್‌ನೋರು ಮೈಕು ಹಿಡಿದು ಕೂಗಿದ್ರೆ ನನ್ ಗತಿ ಏನು?"

ಆ ಮನುಷ್ಯನಿಗೆ ಹುಡುಗಿಯ ಮೇಲೆ ಕರುಣೆ ಬಂತೆಂದು ಯಾರೂ ತಿಳಿಯಬೇಡಿ. ಅವರಿಗೆ ಬಂದದ್ದು ತಮ್ಮ ಮೇಲಿನ ಕರುಣೆ. ಮರುಗಳಿಗೆಯೇ ಸುಧಾರಿಸಿಕೊಂಡು, ಅದಕ್ಕೇನಂತೆ, ಜೂನ್ ಬರಲಿ, ಎಲ್ಲ ಕಾನೂನು ಪ್ರಕಾರವೇ ಮಾಡೋಣ, ಇವತ್ತು ಮಾತು ಗಟ್ಟಿ ಮಾಡಿಕೊಂಡು ಹೋಗುತ್ತೇವೆ ಅಂದರು. ಅಶ್ವಥ್‌ಗೆ ಹೋದ ಜೀವ ಬಂತು. ನನ್ನದು ಹೋಯಿತು. ಜೂನ್ ಬರಲು ಎಷ್ಟು ಹೊತ್ತು ಬೇಕು? ಜೂನ್ ಬಂದರೆ ಅವಳಿಗೊಂದು ಓಟು ಬರುತ್ತದೆ, ನಿಜ. ನನ್ನದೊಂದು, ಅವಳದೊಂದು. ಎರಡು ಅಲ್ಪಮತ ಸೇರಿದರೂ ಅದಕ್ಕೆ ಅಶ್ವಥ್ ಗೌರವ ಕೊಡುತ್ತಾನೆ, ಅಮ್ಮನ ಹಂಡೆಗೆ ಕೊಟ್ಟ ಗೌರವವನ್ನೇ.

ಅವನು ಆಗಲೇ ಎದ್ದು ನಿಂತು ಸಭೆಯ ಧ್ವನಿ ತೆಗೆದಿದ್ದ. ಮಾತು ಗಟ್ಟಿ ಇವತ್ತು, ಮದುವೆ ಜೂನ್ ಆದ ಮೇಲೆ. ನಿಮ್ಮ ಎದುರಿಗೇ ಪಾಸ್ ಮಾಡಿಬಿಡುತ್ತೇನೆ ಸಾರ್, ನಮ್ಮ ಪದ್ಧತಿ ನೀವೂ ನೋಡಿ ಅಂದ. ಬೇಡ ಅನ್ನೋರು ಕೈ ಎತ್ತಿ ಅಂದ. ನಾನಿದ್ದ ಮೂಲೆಯ ಕಡೆ ನೋಡಲೂ ಇಲ್ಲ, ನನ್ನ ಕೈ ಏಳುತ್ತದೆಂದು ಅವನಿಗೆ ಗೊತ್ತಿತ್ತು.

ಆಗ ಮಗ್ಗ ನಿಂತಿತು.

ಬೆಳಗಿನಿಂದ ರಾತ್ರಿಯ ತನಕ ಆ ಸದ್ದನ್ನು ಕೇಳಿ ಬೆಳೆದ ನಮಗೆ ಅದು ನಿಂತರೆ ಯಾರೋ ಸತ್ತರೇನೋ ಅನ್ನಿಸುತ್ತದೆ. ಒಳಗೆ ಮಿರ್ಚಿ ಕರಿಯುತ್ತಿದ್ದ ದ್ರಾಕ್ಷಾಯಣಮ್ಮ ಹೊರಗೆ ಓಡಿ ಬಂದಳು. ಚೌಡೇಶ ಗುಂಡಿಯಲ್ಲಿ ಕೂತಲ್ಲೇ ಬಲಗೈ ಮೇಲೆತ್ತಿದ್ದ. ಲಾಳಿ ಇನ್ನೂ ಆ ಕೈಯಲ್ಲೇ ಇತ್ತು.

"ಜೂನ್ ಆದ್ರೂ ಬೇಡ" ಅಂದ.

ಅಣ್ಣ, ಈಗಲ್ಲ, ಆಮೇಲೆ ಮಾತಾಡೋಣ ಎಂದು ಅಶ್ವಥ್ ನಗಲು ನೋಡಿದ. ಚೌಡೇಶ ಅವನನ್ನು ನೋಡಲಿಲ್ಲ. ರಾಜಣ್ಣನಿಗೆ, ತಪ್ಪು ತಿಳೀಬೇಡಿ ಸ್ವಾಮಿ ಅಂದ, ನಿನ್ನೆಯೇ ಎತ್ತಬೇಕಿತ್ತು, ಕೈ ಖಾಲಿ ಇರಲಿಲ್ಲ ಅಂದ. ಆಮೇಲೆ ಏನು ಹೇಳಬೇಕೋ ತೋಚದೆ ಮನೆಮಾತಿಗೆ ಇಳಿದ. "ಮಾ ಅಮ್ಮಾಯಿ ಚದುವುಕುಂಟುಂದಿ." ನಮ್ಮ ಹುಡುಗಿ ಓದುತ್ತಾಳೆ ಎಂದು ಅಷ್ಟೇ. ತನ್ನ ಮನೆಯ ಯಾವುದೇ ವಿಷಯದಲ್ಲಿ ಅವನು ಬೇರೆಯವರ ಮುಂದೆ ಅಷ್ಟು ಮಾತಾಡಿದ್ದು ಅದೇ ಮೊದಲು.

ನಾನು ಕೈ ಎತ್ತಿದೆ. ದ್ರಾಕ್ಷಾಯಣಮ್ಮ ಎತ್ತಿದಳು, ಅವಳ ಕೈಯಲ್ಲಿದ್ದ ಜಾಲರಿಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಅವಳ ಹಿಂದೆ ಅಡುಗೆಮನೆಯ ಬಾಗಿಲಲ್ಲಿ ಮಾಲಾ ನಿಂತಿದ್ದಳು. ಅವಳ ಕೈ ಮೊದಲು ಸೆರಗಿಗೆ ಹೋಯಿತು, ಅಲ್ಲಿಂದ ಭುಜದ ತನಕ ಬಂತು. ಅಶ್ವಥ್ ದುರುಗುಟ್ಟಿ ನೋಡಿದ. ಆ ಕೈ ಅದಕ್ಕಿಂತ ಮೇಲೆ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ.

"ಎಣಿಸೋ" ಅಂದ ಚೌಡೇಶ.

ಅಶ್ವಥ್ ಎಣಿಸಲಿಲ್ಲ. ಇಷ್ಟು ವರ್ಷ ಇಲ್ಲದ ಕೈಗಳನ್ನೆಲ್ಲ ಎಣಿಸಿದವನಿಗೆ ಕಣ್ಣ ಮುಂದೆ ಎದ್ದು ನಿಂತವನ್ನು ಎಣಿಸಲು ಬರಲಿಲ್ಲ. ಇದು ಪ್ರಜಾಪ್ರಭುತ್ವ ಅಲ್ಲ ಅಂದ, ಇದು ಬುದ್ಧಿಯಿಲ್ಲದ ಗುಂಪಿನ ಆಳ್ವಿಕೆ, ಅದಕ್ಕೆ ಗ್ರೀಸ್ ದೇಶದಲ್ಲೇ ಹೆಸರಿಟ್ಟಿದ್ದಾರೆ ಅಂದ. ಹೆಸರೇನೆಂದು ಯಾರೂ ಕೇಳಲಿಲ್ಲ. ರಾಜಣ್ಣ ಎದ್ದು ಪಂಚೆ ಕೊಡವಿಕೊಂಡು, ಕಂಬ ಬಿಟ್ಟು ಎಲ್ಲರಿಗೂ ಮತ್ತೊಮ್ಮೆ ಕೈ ಮುಗಿದು ಹೊರಟರು. ಮಾರುತೇಶ್ ಹೋಗುವಾಗ ಹೊಸಿಲ ಹತ್ತಿರ ಇದ್ದ ನೀರಿನ ಲೋಟವನ್ನು ಕಾಲಲ್ಲಿ ಒದ್ದ. ಅದು ಉರುಳಿ ಬೀದಿಗೆ ಬಿತ್ತು. ಅಶ್ವಥ್ ಅದನ್ನು ದಾಟಿಕೊಂಡು ಸಾರ್ ಸಾರ್ ಎನ್ನುತ್ತಾ ವ್ಯಾನಿನ ಹಿಂದೆ ಓಡಿದ.

ನಾನು ಲೋಟ ಎತ್ತಿಕೊಂಡು ಒಳಗೆ ಬಂದೆ. ಪಡಸಾಲೆಯಲ್ಲಿ ಇನ್ನೂ ಯಾರೂ ಕೈ ಇಳಿಸಿರಲಿಲ್ಲ, ಇಳಿಸಿ ಎಂದು ಹೇಳುವವನು ಬೀದಿಯಲ್ಲಿದ್ದ. ಎತ್ತದೆ ಇದ್ದವಳು ದಿವ್ಯಶ್ರೀ ಒಬ್ಬಳೇ. ಅವಳ ಮುಖದ ತುಂಬ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಕೈ ಖಾಲಿ ಇರಲಿಲ್ಲ. ಒಂದು ಕೈಯಲ್ಲಿ ತನ್ನ ಅಂಚಿನ ದಾರ, ಇನ್ನೊಂದು ಕೈಯಲ್ಲಿ ಅಪ್ಪ ಬಿಟ್ಟ ದಾರ. ಅವನು ಕೈ ಎತ್ತಿದ ಗಳಿಗೆಯಿಂದ ಎರಡನ್ನೂ ಬಿಗಿಯಾಗಿ ಹಿಡಿದುಕೊಂಡೇ ಕೂತಿದ್ದಳು. ಚೌಡೇಶ ಬಗ್ಗಿ ನೋಡಿದ. ಸಾಲು ಕೆಟ್ಟಿರಲಿಲ್ಲ.